ವಾಡಿಯ ರೈಲು ಕೋಣೆಗೆ ವರ್ಷ ತುಂಬಿತು, ಎಲ್ಲರಿಗೂ ಶರಣು

ಶರಣು ಶರಣಾರ್ಥಿ. ಕಲಬುರಗಿ ಜಿಲ್ಲೆಯ ವಾಡಿಯಲ್ಲಿ ರೈಲಿನ ಹಳೆ ಸಾಮಾನು ಇಟ್ಟು ತೋರಿಸುವ ನಮ್ಮ ರೈಲು ಕೋಣೆಗೆ ಈ ವಾರ ಒಂದು ವರ್ಷ. ಮಳೆಗಾಲ ದಾಟುತ್ತದೋ ಇಲ್ಲವೋ ಅನ್ನುವ ಹೆದರಿಕೆ ಇತ್ತು. ದಾಟಿದೆ.

ಇದನ್ನು ಮ್ಯೂಸಿಯಂ ಅನ್ನಲು ನಮಗೇ ಸಂಕೋಚ. ಮೈಸೂರಿನ ರೈಲು ಮ್ಯೂಸಿಯಂ 1979ರಿಂದ ಇದೆ. ಹುಬ್ಬಳ್ಳಿಯದು 2020ರಲ್ಲಿ ಶುರುವಾಯಿತು. ಅಲ್ಲೆಲ್ಲ ಇಂಜಿನ್‌ಗಳೇ ನಿಂತಿವೆ. ನಮ್ಮದು ಅಪ್ಪ ಕಟ್ಟಿಸಿದ ಮನೆಯ ಮುಂದಿನ ಕೋಣೆ, ಎರಡು ಗಾಜಿನ ಕಪಾಟು, ಅಷ್ಟೇ. ಆದರೂ ವಾಡಿಯಲ್ಲಿ ಇಂಥದ್ದೊಂದು ಇರಲೇಬೇಕು ಅಂತ ನಮ್ಮ ಹಟ. ಮುಂಬೈ ಕಡೆಯಿಂದ ಬಂದ ಜಿಐಪಿ (ಗ್ರೇಟ್ ಇಂಡಿಯನ್ ಪೆನಿನ್ಸುಲಾ) ಕಂಪನಿಯ ಹಳಿ ಇದೇ ದಾರಿಯಲ್ಲಿ ಸಾಗಿ, 1871ರಲ್ಲಿ ರಾಯಚೂರಿನಲ್ಲಿ ಮದ್ರಾಸ್ ಹಳಿಯನ್ನು ಕೂಡಿತು. 1874ರಲ್ಲಿ ನಿಜಾಮರ ರೈಲು ಇಲ್ಲಿಂದ ಸಿಕಂದರಾಬಾದಿಗೆ ಓಡಿತು. ಇವತ್ತು ವಾಡಿ ಅಂದರೆ ಜನಕ್ಕೆ ಗಾಡಿ ಬದಲಿಸುವ ಜಾಗ, ಇಲ್ಲವೇ ಸಿಮೆಂಟ್.

ಸಾಮಾನು ಕೊಟ್ಟವರಿಗೆ ಮೊದಲ ಧನ್ಯವಾದ. ಕೆಂಪು, ಹಸಿರು ಗಾಜು ತಿರುಗುವ ಸೀಮೆಎಣ್ಣೆಯ ಕೈದೀಪ, ಹಿತ್ತಾಳೆಯ ಬಿಲ್ಲೆಗಳು, ಕೋಟಿನ ಗುಂಡಿಗಳು, ಒಂದು ಸೀಟಿ. ಎಲ್ಲಕ್ಕಿಂತ ಜಾಸ್ತಿ ಬಂದಿದ್ದು ದಪ್ಪ ರಟ್ಟಿನ ಹಳೆ ಟಿಕೆಟ್‌ಗಳು. ಇಂಗ್ಲೆಂಡಿನ ಎಡ್ಮಂಡ್ಸನ್ ಅನ್ನುವ ಸ್ಟೇಷನ್ ಮಾಸ್ಟರ್ 1830ರ ದಶಕದಲ್ಲಿ ಕಂಡುಹಿಡಿದ ಟಿಕೆಟ್ ಅದು. ಕಂಪ್ಯೂಟರ್ ಬರುವವರೆಗೂ ನಮ್ಮ ಕಿಟಕಿಗಳಲ್ಲಿ ಅದೇ ಇತ್ತು. ತಾರೀಖು ಒತ್ತುವ ಯಂತ್ರದ ಆ ಟಕ್ ಶಬ್ದ ನೆನಪಿದೆ ಅಲ್ವಾ? ಮಳಖೇಡ ರೋಡ್, ನಾಲವಾರ, ಮರತೂರು ಹೀಗೆ ಸಣ್ಣ ಸ್ಟೇಷನ್ನಿನ ಟಿಕೆಟ್ ಕಂಡವರು ತಮ್ಮೂರಿನ ಹೆಸರನ್ನು ಜೋರಾಗಿಯೇ ಓದುತ್ತಾರೆ.

ಆದರೆ ನಮ್ಮ ಮೇಲೆ ದೊಡ್ಡ ಋಣ ಇರುವುದು ಇನ್ನೊಬ್ಬರದು. ನಿವೃತ್ತ ಸ್ಟೇಷನ್ ಮಾಸ್ಟರ್ ಕಾಕಾ, ನೀವು ಬರದಿದ್ದರೆ ಗೋಡೆಯ ಮೇಲಿನ ಆ ದೊಡ್ಡ ಬಳೆ ಸುಮ್ನೆ ತೂಗುತ್ತಿತ್ತು. ಟೋಕನ್ ಅಂದರೆ ಒಂಟಿ ಹಳಿಯಲ್ಲಿ ಮುಂದೆ ಹೋಗಲು ಡ್ರೈವರಿಗೆ ಕೊಡುವ ಪರವಾನಗಿ, ಅದರ ಚೀಲ ಕಟ್ಟುವ ಬಳೆ ಇದು ಅಂತ ನಮಗೆ ಗೊತ್ತಿತ್ತು, ಆ ಟೋಕನ್ ಕೆಲಸ ಮಾಡುತ್ತಿದ್ದ ಬಗೆ ಗೊತ್ತಿರಲಿಲ್ಲ. ಕಾಕಾ ಶಾಲೆ ಮಕ್ಕಳನ್ನು ಎರಡು ಗುಂಪು ಮಾಡಿದರು. ಒಂದು ಗುಂಪು ಕೋಣೆಯಲ್ಲಿ, ಇನ್ನೊಂದು ಹಿತ್ತಲಲ್ಲಿ. ನಡುವಿನ ಓಣಿ ಒಂಟಿ ಹಳಿ. ಒಂದು ಲಿಂಬೆಹಣ್ಣು ಟೋಕನ್. ಎರಡೂ ಕಡೆಯವರು ಒಪ್ಪಿದರೆ ಮಾತ್ರ ಲಿಂಬೆ ಕೈಗೆ ಬರಬೇಕು. ಲಿಂಬೆ ಕೈಯಲ್ಲಿರುವ ಹುಡುಗ ಮಾತ್ರ ಓಡಬೇಕು. ಅವನು ಆ ಕಡೆ ಮುಟ್ಟಿಸುವ ತನಕ ಇನ್ನೊಂದು ಲಿಂಬೆ ಹೊರಗೆ ಬರುವಂತಿಲ್ಲ. ಎದುರಿಂದ ಇನ್ನೊಂದು ಗಾಡಿ ಬರುವ ಮಾತೇ ಇಲ್ಲ. ಓಡುವ ಗಾಡಿಯಿಂದ ಆ ಬಳೆಗೆ ಕೈ ತೂರಿಸಿ ಹಿಡಿಯುತ್ತಿದ್ದರಂತೆ. ಅದನ್ನೂ ಮಕ್ಕಳು ಆಡಿಯೇ ನೋಡಿದರು. ಒಬ್ಬಳ ಮೊಣಕೈ ಕೆಂಪಾಯಿತು, ಅವಳೇ ಮತ್ತೆ ಮತ್ತೆ ಕೇಳಿ ಆಡಿದಳು!

ಕೀಮ್ಯಾನ್ ಚಾಚಾ, ದಿನಾ ಸುತ್ತಿಗೆ ಹಿಡಿದು ಹಳಿಯ ಪಕ್ಕ ನಡೆದ ನಿಮ್ಮ ಮಾತನ್ನು ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿಟ್ಟಿದ್ದೇವೆ. ಹಳಿಯನ್ನು ಬಿಗಿಯಾಗಿ ಹಿಡಿಯುವ ಕಬ್ಬಿಣದ ಕೀ ಸಡಿಲವಾದರೆ ಅದರ ಸದ್ದೇ ಬೇರೆ ಅಂತ ನೀವು ಹೇಳಿದ್ದನ್ನು ಬರೆದು ಅಂಟಿಸಿದರೆ ಯಾರಿಗೆ ತಿಳಿಯುತ್ತದೆ? ನಿಮ್ಮ ಬಾಯಿಂದಲೇ ಕೇಳಬೇಕು.

ಮಳೆಯ ರಾತ್ರಿಯ ಕತೆ ಓಣಿಯವರಿಗೆಲ್ಲ ಗೊತ್ತು. ಮಾಳಿಗೆ ಸೋರಿ ಒಂದು ಕಪಾಟಿನ ಟಿಕೆಟ್, ಫೋಟೊ ಎಲ್ಲ ನೆನೆದವು. ಎದುರುಮನೆಯ ಅಕ್ಕ, ಅವರ ಅತ್ತೆ, ಪಕ್ಕದ ಚಿಗವ್ವ ಹಳೆ ಹತ್ತಿ ಸೀರೆ ತಂದು ಹಾಸಿ, ಒಂದೊಂದೇ ಟಿಕೆಟ್ ಬಿಡಿಸಿ ಇಟ್ಟರು. ನಾನು ಬಿಸಿಲಿಗೆ ಇಡೋಣ ಅಂದೆ. ಬೇಡ, ರಟ್ಟು ಸೊಟ್ಟಗಾಗುತ್ತದೆ, ಫ್ಯಾನ್ ಗಾಳಿ ಸಾಕು ಅಂದರು. ಹಪ್ಪಳ ಒಣಗಿಸಿ ಪಳಗಿದ ಕೈ. ಕೆಲವು ಫೋಟೊ ಹೋದವು. ಟಿಕೆಟ್ ಬಹುತೇಕ ಉಳಿದವು. ಮಾಳಿಗೆಗೆ ಶಹಾಬಾದ್ ಫರಸಿ ಕೊಟ್ಟು, ಕೂಲಿಯೂ ತೆಗೆದುಕೊಳ್ಳದೆ ಹೋದ ಮೇಸ್ತ್ರಿ ಅಣ್ಣನಿಗೆ ಏನು ಹೇಳಲಿ? ಚಹಾ ಕೂಡ ನಿಂತೇ ಕುಡಿದರು.

ಭಾನುವಾರ ಬೆಳಿಗ್ಗೆ ಕೋಣೆ ತೆರೆದಿರುತ್ತದೆ, ದುಡ್ಡು ಏನೂ ಇಲ್ಲ. ಮನೆಯಲ್ಲಿ ರೈಲಿನ ಹಳೆ ಫೋಟೊ, ಕಾಗದ ಇದ್ದರೆ ಕೊಡಲೇಬೇಕು ಅಂತಿಲ್ಲ, ತೋರಿಸಿ, ಫೋಟೊ ತೆಗೆದುಕೊಂಡು ವಾಪಸ್ ಕೊಡುತ್ತೇವೆ. ಹಿಂದೆ ಹೆಸರು, ಊರು ಬರೆದಿದ್ದರೆ ಇನ್ನೂ ಒಳ್ಳೆಯದು. ಹಿತ್ತಾಳೆ ಬಿಲ್ಲೆ ತರುವವರು ದಯವಿಟ್ಟು ಹುಣಸೆಹಣ್ಣು ಹಚ್ಚಿ ತಿಕ್ಕಿ ತರಬೇಡಿ. ಹೊಳಪಿನ ಜೊತೆಗೆ ನಂಬರೂ ಹೋಗುತ್ತದೆ.