ಗಾಜಿನ ಬೇಕಿಂಗ್ ಪಾತ್ರೆಯ ಮೇಲಿನ ಚಿತ್ತಾರ: ಕೆತ್ತನೆ ಉಳಿಯುತ್ತದೆ, ಬಣ್ಣ ಉಳಿಯುವುದೇ?

ಮಾನ್ಯ ಸಂಪಾದಕರೇ,

ಮನೆಯಲ್ಲೇ ಮಾಡಬಹುದಾದ ಕರಕುಶಲ ಕೆಲಸಗಳ ಬಗ್ಗೆ ಪತ್ರಿಕೆಗಳ ಪುರವಣಿಗಳಲ್ಲಿ ಬರುವ ಬರಹಗಳನ್ನು ಆಸಕ್ತಿಯಿಂದ ಓದುವವರಲ್ಲಿ ನಾನೂ ಒಬ್ಬಳು. ಓವನ್‌ನಲ್ಲಿ ಬಳಸುವ ಗಾಜಿನ ಪಾತ್ರೆಯ ಮೇಲೆ ಹೆಸರನ್ನೋ ಹೂಬಳ್ಳಿಯ ಚಿತ್ತಾರವನ್ನೋ ಕೆತ್ತಿ, ಅದರೊಳಗೆ ಬಣ್ಣ ತುಂಬಿ ಉಡುಗೊರೆಯಾಗಿ ಕೊಡುವ ವಿಧಾನ ಇಂಥ ಪುಟಗಳಲ್ಲಿ ಆಗಾಗ ಕಾಣಿಸುತ್ತದೆ. ಅಲ್ಲಿ ಕೆತ್ತನೆಯೂ ಬಣ್ಣವೂ ಎಂದೂ ಅಳಿಯುವುದಿಲ್ಲವೆಂದು ಎರಡಕ್ಕೂ ಒಂದೇ ಮಾತು ಹೇಳಿ ಮುಗಿಸುವುದುಂಟು. ಕೆತ್ತನೆಯ ಮಟ್ಟಿಗೆ ಆ ಮಾತು ನಿಜ. ಬಣ್ಣದ ಮಟ್ಟಿಗೆ, ಅದರಲ್ಲೂ ಮನೆಯಲ್ಲಿ ಕುಳಿತು ಮಾಡುವ ಕೆಲಸದಲ್ಲಿ, ಬಹುಪಾಲು ನಿಜವಲ್ಲ. ಮುಂದೆ ಆ ಪಾತ್ರೆಯಲ್ಲಿ ಆಹಾರ ಬೇಯುತ್ತದೆ, ಅದು ಬಿಸಿ ಓವನ್ನಿಗೆ ನೂರಾರು ಸಲ ಹೋಗಿಬರುತ್ತದೆ ಎಂಬುದನ್ನು ನೆನೆದರೆ ಈ ವ್ಯತ್ಯಾಸವನ್ನು ಓದುಗರಿಗೆ ಬಿಡಿಸಿ ಹೇಳಬೇಕಾದ ಅಗತ್ಯ ತಿಳಿಯುತ್ತದೆ.

ಮೊದಲು ಕೆತ್ತನೆಯ ವಿಷಯ. ಸಾಮಾನ್ಯ ಆಮ್ಲಗಳಿಗೆ ಗಾಜು ಜಗ್ಗುವುದಿಲ್ಲ. ಅದಕ್ಕಾಗಿಯೇ ಪ್ರಯೋಗಾಲಯಗಳಲ್ಲಿ ಆಮ್ಲಗಳನ್ನು ಗಾಜಿನ ಸೀಸೆಯಲ್ಲಿ ಇಡುತ್ತಾರೆ. ಈ ನಿಯಮಕ್ಕೆ ದೊಡ್ಡ ಅಪವಾದ ಹೈಡ್ರೋಫ್ಲೋರಿಕ್ ಆಮ್ಲ. ಸ್ವೀಡನ್ನಿನ ರಸಾಯನ ವಿಜ್ಞಾನಿ ಕಾರ್ಲ್ ವಿಲ್ಹೆಲ್ಮ್ ಶೀಲೆ 1771ರಲ್ಲಿ ಈ ಆಮ್ಲದ ಗುಣಗಳನ್ನು ವಿವರಿಸಿದ. ಗಾಜಿನ ಮೂಲದ್ರವ್ಯವಾದ ಸಿಲಿಕಾವನ್ನೇ ಕರಗಿಸುವ ಶಕ್ತಿ ಇದಕ್ಕಿದೆ. ಇಂದು ಕರಕುಶಲ ಸಾಮಗ್ರಿಗಳ ಅಂಗಡಿಗಳಲ್ಲಿ ದೊರೆಯುವ ಎಚ್ಚಿಂಗ್ ಕ್ರೀಮ್‌ಗಳಲ್ಲಿ ಸಾಮಾನ್ಯವಾಗಿ ಇರುವುದು ಅಮೋನಿಯಂ ಬೈಫ್ಲೋರೈಡ್‌ನಂಥ ಲವಣಗಳು. ಅವು ತೇವದಲ್ಲಿ ಸ್ವಲ್ಪ ಸ್ವಲ್ಪವೇ ಅದೇ ಆಮ್ಲವನ್ನು ಬಿಡುತ್ತ ಗಾಜಿನ ಮೇಲ್ಪದರವನ್ನು ಕೊರೆಯುತ್ತವೆ. ಇಂಥ ಕ್ರೀಮ್ ಯಾವಾಗಲೂ ಪ್ಲಾಸ್ಟಿಕ್ ಡಬ್ಬಿಯಲ್ಲೇ ಬರುವುದಕ್ಕೂ ಇದೇ ಕಾರಣ.

ಕೊರೆತದ ಆಳ ಕೂದಲಿನ ದಪ್ಪಕ್ಕಿಂತ ಎಷ್ಟೋ ಕಡಿಮೆ. ಹಾಗಿದ್ದರೂ ಆ ಜಾಗ ತರಿತರಿಯಾಗಿ ಬೆಳಕನ್ನು ಚದುರಿಸುವುದರಿಂದ ನಮ್ಮ ಕಣ್ಣಿಗೆ ಮಬ್ಬು ಬಿಳುಪಾಗಿ ಕಾಣುತ್ತದೆ. ಮೇಲೆ ಅಂಟಿಸಿದ್ದು ಏನೂ ಇಲ್ಲವಾದ್ದರಿಂದ ಅದು ಉಜ್ಜಿದರೆ ಹೋಗುವುದಿಲ್ಲ, ಓವನ್ನಿನ ಶಾಖಕ್ಕೂ ಕದಲುವುದಿಲ್ಲ.

ಈ ಕೆಲಸದಲ್ಲಿ ಕೈಚಳಕಕ್ಕಿಂತ ತಾಳ್ಮೆ ಹೆಚ್ಚು ಬೇಕು. ಗಾಜಿನ ಮೇಲೆ ಒಂದೇ ಒಂದು ಬೆರಳಿನ ಗುರುತು ಉಳಿದಿದ್ದರೂ ಆ ಜಿಡ್ಡಿನ ಜಾಗದಲ್ಲಿ ಕ್ರೀಮ್ ಸರಿಯಾಗಿ ಹಿಡಿಯದೆ ಚಿತ್ತಾರದ ನಡುವೆ ತೇಪೆ ಹಚ್ಚಿದಂತೆ ಕಾಣುತ್ತದೆ. ಆದ್ದರಿಂದ ಸೋಪಿನಿಂದ ತೊಳೆದು, ಒಣಗಿಸಿ, ಮತ್ತೊಮ್ಮೆ ಸ್ಪಿರಿಟ್ಟಿನಲ್ಲಿ ಒರೆಸಿಯೇ ವಿನೈಲ್ ಸ್ಟೆನ್ಸಿಲ್ (ಚಿತ್ತಾರದ ಆಕಾರವನ್ನು ಕತ್ತರಿಸಿ ತೆಗೆದ ಅಂಟುಹಾಳೆ) ಅಂಟಿಸಬೇಕು. ಅಂಟಿಸಿದ ಮೇಲೆ ಕತ್ತರಿಸಿದ ಅಂಚುಗಳನ್ನೆಲ್ಲ ಉಗುರಿನಿಂದಲೋ ಚಮಚದ ಬೆನ್ನಿನಿಂದಲೋ ಒತ್ತಿ ತೀಡಬೇಕು. ಎಲ್ಲಿ ಅಂಚು ಎದ್ದಿರುತ್ತದೋ ಅಲ್ಲಿ ಕ್ರೀಮ್ ಒಳಗೆ ನುಸುಳಿ ಗೆರೆ ಒಡೆಯುತ್ತದೆ. ಕ್ರೀಮನ್ನು ತೆಳ್ಳಗೆ ಸವರದೆ ದಪ್ಪಗೆ ಹಚ್ಚಬೇಕು. ಎಷ್ಟು ಹೊತ್ತು ಬಿಡಬೇಕೆಂಬುದು ಒಂದೊಂದು ತಯಾರಿಕೆಗೆ ಒಂದೊಂದು ರೀತಿ ಇರುವುದರಿಂದ ಡಬ್ಬಿಯ ಮೇಲಿನ ಸೂಚನೆಯನ್ನೇ ನಂಬುವುದು ಒಳ್ಳೆಯದು.

ತೊಳೆದ ಕೂಡಲೇ ನೋಡಿದರೆ ಚಿತ್ತಾರವೇ ಮೂಡಿಲ್ಲವೇನೋ ಎನ್ನಿಸುತ್ತದೆ. ತರಿತರಿಯಾದ ಮೇಲ್ಮೈಯ ಸಣ್ಣ ಕುಳಿಗಳಲ್ಲಿ ನೀರು ತುಂಬಿಕೊಂಡು ಬೆಳಕು ಚದುರುವುದು ಕಡಿಮೆಯಾಗುವುದೇ ಇದಕ್ಕೆ ಕಾರಣ. ಬಟ್ಟೆಯಿಂದ ಒರೆಸಿ ಒಣಗಲು ಬಿಟ್ಟರೆ ಅಂಚಿನಿಂದ ಒಳಕ್ಕೆ ಬಿಳುಪು ತಾನಾಗಿ ಮೂಡಿಬರುತ್ತದೆ. ಎಣ್ಣೆ ತಾಗಿದಾಗಲೂ ಹೀಗೆಯೇ ಚಿತ್ತಾರ ಮರೆಯಾಗುತ್ತದೆ, ತೊಳೆದರೆ ಮರಳುತ್ತದೆ. ಇದನ್ನು ತಿಳಿಯದವರು ಗಾಬರಿಬಿದ್ದು, ಸ್ಟೆನ್ಸಿಲ್ ಕಿತ್ತ ಮೇಲೆ ಮತ್ತೊಂದು ಪದರ ಕ್ರೀಮ್ ಹಚ್ಚಿ ಇದ್ದ ಚಿತ್ತಾರವನ್ನೂ ಕೆಡಿಸಿಕೊಳ್ಳುತ್ತಾರೆ.

ಕೆತ್ತನೆ ಪಾತ್ರೆಯ ಹೊರಮೈಯಲ್ಲೇ ಇರಬೇಕೆಂಬುದನ್ನು ಒತ್ತಿ ಹೇಳಬೇಕು. ಒಳಮೈಯ ತರಿತರಿ ಜಾಗದಲ್ಲಿ ಜಿಡ್ಡು ಮತ್ತು ಕಲೆ ಕೂರುತ್ತವೆ, ಆಹಾರ ಅಂಟಿಕೊಳ್ಳುತ್ತದೆ. ತಳದ ಹೊರಗಡೆ ಹೆಸರು ಕೆತ್ತಿದರೆ ಖಾಲಿ ಪಾತ್ರೆಯನ್ನು ಮೇಲಿನಿಂದ ನೋಡುವವರಿಗೆ ಅಕ್ಷರಗಳು ತಿರುಗುಮುರುಗಾಗಿ ಕಾಣುವುದರಿಂದ ಸ್ಟೆನ್ಸಿಲನ್ನು ಕನ್ನಡಿ ಬಿಂಬದಂತೆ ತಿರುಗಿಸಿ ಕತ್ತರಿಸಿಕೊಳ್ಳಬೇಕು. ಕನ್ನಡ ಅಕ್ಷರಗಳಲ್ಲಿ ಇನ್ನೊಂದು ತೊಡಕಿದೆ. ‘ಠ’, ‘ರ’, ಸೊನ್ನೆ ಮುಂತಾದವುಗಳ ಒಳಗಿನ ದುಂಡು ತುಂಡುಗಳು ಸ್ಟೆನ್ಸಿಲ್ಲಿನಿಂದ ಬಿಡಿಯಾಗಿ ಉದುರಿಬಿಡುತ್ತವೆ. ಅವನ್ನು ಒಂದೊಂದಾಗಿ ಹೆಕ್ಕಿ, ಅವುಗಳ ಜಾಗದಲ್ಲೇ ಅಂಟಿಸದಿದ್ದರೆ ಅಕ್ಷರ ಹೋಗಿ ಬಿಳಿಯ ಚುಕ್ಕೆ ಉಳಿಯುತ್ತದೆ.

ಎಲ್ಲ ಪಾತ್ರೆಗಳೂ ಒಂದೇ ಬಗೆಯ ಗಾಜಿನವಲ್ಲ ಎಂಬ ಸಂಗತಿಯನ್ನು ಕರಕುಶಲ ಬರಹಗಳು ಸಾಮಾನ್ಯವಾಗಿ ಬಿಟ್ಟುಬಿಡುತ್ತವೆ. ಶಾಖ ತಾಳುವ ಬೊರೊಸಿಲಿಕೇಟ್ ಗಾಜನ್ನು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಜರ್ಮನಿಯ ಒಟ್ಟೊ ಶಾಟ್ ರೂಪಿಸಿದ. ಅಮೆರಿಕದ ಕಾರ್ನಿಂಗ್ ಕಂಪನಿಯಲ್ಲಿ ಕೆಲಸ ಮಾಡುತ್ತಿದ್ದ ವಿಜ್ಞಾನಿ ಜೆಸ್ಸಿ ಲಿಟಲ್‌ಟನ್ನನ ಪತ್ನಿ ಬೆಸ್ಸಿ, ಗಾಜಿನ ಬ್ಯಾಟರಿ ಜಾಡಿಯ ಕತ್ತರಿಸಿದ ತಳದಲ್ಲಿ 1913ರಲ್ಲಿ ಕೇಕ್ ಬೇಯಿಸಿ ನೋಡಿದಳು. ಅದೇ ಕಂಪನಿಯ, ಪೈರೆಕ್ಸ್ ಎಂಬ ಹೆಸರಿನ ಬೊರೊಸಿಲಿಕೇಟ್ ಪಾತ್ರೆಗಳು 1915ರಲ್ಲಿ ಮಾರುಕಟ್ಟೆಗೆ ಬಂದವು. ಪ್ರಯೋಗಾಲಯದ ಗಾಜು ಅಡುಗೆಮನೆಗೆ ಬಂದದ್ದು ಒಬ್ಬ ಗೃಹಿಣಿಯ ಪ್ರಯೋಗದಿಂದ ಎಂಬುದು ನನಗೆ ಬಹಳ ಇಷ್ಟವಾದ ಸಂಗತಿ. ಮುಂದೆ ಅನೇಕ ತಯಾರಕರು ಬೊರೊಸಿಲಿಕೇಟ್ ಬಿಟ್ಟು, ಟೆಂಪರ್ ಮಾಡಿದ, ಎಂದರೆ ಕಾಯಿಸಿ ಥಟ್ಟನೆ ತಣಿಸಿ ಗಟ್ಟಿಗೊಳಿಸಿದ, ಸೋಡಾ-ಲೈಮ್ ಗಾಜಿಗೆ (ಕಿಟಕಿ, ಸೀಸೆಗಳ ಸಾಮಾನ್ಯ ಗಾಜಿಗೆ) ಬದಲಾದರು. ನೋಡುವುದಕ್ಕೆ ಎರಡೂ ಒಂದೇ, ಆದರೆ ಸ್ವಭಾವ ಬೇರೆ. ಬೊರೊಸಿಲಿಕೇಟ್ ಬಿಸಿಯಲ್ಲಿ ಹಿಗ್ಗುವುದು ಸೋಡಾ-ಲೈಮ್ ಗಾಜಿನ ಸುಮಾರು ಮೂರನೆಯ ಒಂದು ಪಾಲು ಮಾತ್ರ. ಟೆಂಪರ್ ಮಾಡಿದ ಗಾಜು ಗಟ್ಟಿಯಾಗಿರುವುದು ಅದರ ಮೇಲ್ಪದರ ಸದಾ ಒತ್ತಡದಲ್ಲಿ ಬಿಗಿದುಕೊಂಡಿರುವುದರಿಂದ. ಕೆಲವು ಪಾತ್ರೆಗಳ ಮೇಲೆ ಎಚ್ಚಿಂಗ್ ಕ್ರೀಮ್ ಚೆನ್ನಾಗಿ ಹಿಡಿಯದೆ ಮಚ್ಚೆಮಚ್ಚೆಯಾಗುವುದಕ್ಕೂ ಗಾಜಿನ ಸಂಯೋಜನೆಯೇ ಕಾರಣವಾಗಿರುವುದುಂಟು. ತಳದ ಮೂಲೆಯಲ್ಲಿ ಸಣ್ಣದೊಂದು ಚುಕ್ಕೆ ಹಾಕಿ ನೋಡಿ ಮುಂದುವರಿಯುವುದು ಲೇಸು.

ಇಲ್ಲಿಯೇ ಇನ್ನೊಂದು ಎಚ್ಚರಿಕೆ ಹೇಳಬೇಕು. ಕ್ರೀಮ್ ಬದಲು ಕೈಯಂತ್ರಕ್ಕೆ ವಜ್ರದ ಮೊನೆ ಸಿಕ್ಕಿಸಿ ಗಾಜನ್ನು ಕೊರೆಯುವ ವಿಧಾನವನ್ನೂ ಕೆಲವರು ಬೇಕಿಂಗ್ ಪಾತ್ರೆಗಳಿಗೆ ಸೂಚಿಸುತ್ತಾರೆ. ಗಾಜು ತನ್ನ ಲೆಕ್ಕದ ಶಕ್ತಿಗಿಂತ ಬಹಳ ಕಡಿಮೆ ಬಲಕ್ಕೇ ಒಡೆಯುವುದು ಸೂಕ್ಷ್ಮ ಬಿರುಕುಗಳಿಂದ ಎಂದು ಇಂಗ್ಲೆಂಡಿನ ಎಂಜಿನಿಯರ್ ಎ. ಎ. ಗ್ರಿಫಿತ್ 1921ರಲ್ಲಿಯೇ ತೋರಿಸಿದ್ದ. ಕ್ರೀಮ್ ಮಾಡುವುದು ಆಳವಿಲ್ಲದ ತರಿ. ವಜ್ರದ ಮೊನೆ ಬಿಡುವುದು ಚೂಪು ತಳದ ಗೀರು. ಹೂದಾನಿಗೆ ಅಂಥ ಗೀರಿನಿಂದ ದೊಡ್ಡ ಅಪಾಯವಿಲ್ಲದಿರಬಹುದು. ಆದರೆ ಪದೇ ಪದೇ ಕಾದು ತಣಿಯುವ ಟೆಂಪರ್ ಗಾಜಿನಲ್ಲಿ ಅದು ಒತ್ತಡದ ಪದರವನ್ನು ದಾಟಿ ಇಳಿದರೆ ಇಡೀ ಪಾತ್ರೆ ಒಮ್ಮೆಲೇ ಚೂರಾಗಬಹುದು. ಬೇಕಿಂಗ್ ಪಾತ್ರೆಯನ್ನು ಯಂತ್ರದಿಂದ ಕೊರೆಯಬಾರದೆಂದೇ ನನ್ನ ಅಭಿಪ್ರಾಯ.

ಕ್ರೀಮ್ ಸುರಕ್ಷಿತವೆಂದು ಇದರ ಅರ್ಥವಲ್ಲ. ಫ್ಲೋರೈಡ್ ಚರ್ಮದ ಮೂಲಕ ಒಳಗಿಳಿದು ದೇಹದ ಕ್ಯಾಲ್ಸಿಯಂ ಜತೆ ಸೇರಿಕೊಳ್ಳುತ್ತದೆ. ಸಾಂದ್ರತೆ ಕಡಿಮೆಯಿದ್ದಾಗ ತಾಗಿದ ಕೂಡಲೇ ಉರಿಯೇ ಗೊತ್ತಾಗದೆ, ಗಂಟೆಗಳ ನಂತರ ಆಳವಾದ ನೋವು ಶುರುವಾಗಬಹುದು. ನೈಟ್ರೈಲ್ ಕೈಗವಸು, ಕಣ್ಣಿಗೆ ಸುರಕ್ಷಾ ಕನ್ನಡಕ, ಗಾಳಿಯಾಡುವ ಜಾಗ, ಮಕ್ಕಳ ಕೈಗೆ ಸಿಗದಂತೆ ಭದ್ರತೆ, ಇವು ಕಡ್ಡಾಯ. ಚರ್ಮಕ್ಕೆ ತಾಗಿದರೆ ಕೂಡಲೇ ಹರಿಯುವ ನೀರಿನಲ್ಲಿ ಬಹಳ ಹೊತ್ತು ತೊಳೆದು ವೈದ್ಯರ ಬಳಿ ಹೋಗಬೇಕು, ಮತ್ತು ತಾಗಿದ್ದು ಫ್ಲೋರೈಡ್ ಎಂದು ಸ್ಪಷ್ಟವಾಗಿ ಹೇಳಬೇಕು. ಕ್ಯಾಲ್ಸಿಯಂ ಗ್ಲೂಕೋನೇಟ್ ಜೆಲ್ಲಿನಂಥ ಚಿಕಿತ್ಸೆ ಬೇಕೇ ಎಂಬುದನ್ನು ಅವರು ಆ ಮಾಹಿತಿಯಿಂದಲೇ ತೀರ್ಮಾನಿಸುವುದು. ಪಿಂಗಾಣಿಯ ಸಿಂಕಿನಲ್ಲಿ ನೇರವಾಗಿ ತೊಳೆದರೆ ಅದರ ಹೊಳಪೂ ಹೋದೀತು, ಪ್ಲಾಸ್ಟಿಕ್ ಬೋಗುಣಿ ಬಳಸುವುದು ಕ್ಷೇಮ.

ಇನ್ನು ಬಣ್ಣ. ಕೆತ್ತಿದ ಜಾಗದೊಳಗೆ ಬಣ್ಣ ತುಂಬುವುದು ಎಂದು ಬರೆದಾಗ ಓದುಗರ ಮನಸ್ಸಿನಲ್ಲಿ ಮೂಡುವುದು ಮರದಲ್ಲಿ ಕೊರೆದ ಕಾಲುವೆಯಂಥ ತಗ್ಗಿನ ಚಿತ್ರ. ವಾಸ್ತವದಲ್ಲಿ ಕ್ರೀಮ್ ಕೊರೆತದಲ್ಲಿ ಬಣ್ಣವನ್ನು ಹಿಡಿದಿಡುವಂಥ ತಗ್ಗೇ ಇಲ್ಲ. ನುಣುಪು ಗಾಜಿಗಿಂತ ತರಿಗಾಜಿಗೆ ಬಣ್ಣ ಚೆನ್ನಾಗಿ ಕಚ್ಚುತ್ತದೆ ಎಂಬುದು ಸರಿ. ಆದರೆ ಅದು ಮೇಲೆ ಕುಳಿತ ಬಣ್ಣವೇ. ಮೇಣದಲ್ಲಿ ಕಲಸಿದ ಚಿನ್ನದ ಬಣ್ಣವನ್ನು ಬೆರಳಿನಿಂದ ಉಜ್ಜಿ ತುಂಬಿದರೆ ಬಹಳ ಸೊಗಸಾಗಿ ಕಾಣುತ್ತದೆ, ಓವನ್ನಿನ ಮೊದಲ ಬಿಸಿಗೇ ಆ ಮೇಣ ಕರಗುತ್ತದೆ. ಮಾರ್ಕರ್ ಪೆನ್ನುಗಳ ಬಗ್ಗೆ ಬೇರೆ ಹೇಳಬೇಕಾಗಿಲ್ಲ.

ಇವೆರಡಕ್ಕಿಂತ ಉತ್ತಮವಾದದ್ದು ಮನೆಯ ಓವನ್ನಿನಲ್ಲೇ ಗಟ್ಟಿಗೊಳಿಸುವ ಗಾಜಿನ ಪೇಂಟ್. ಬಣ್ಣ ಹಚ್ಚಿ ಚೆನ್ನಾಗಿ ಒಣಗಿದ ಮೇಲೆ ಪಾತ್ರೆಯನ್ನು ತಣ್ಣನೆಯ ಓವನ್ನಿನಲ್ಲಿಟ್ಟು, ಸಾಮಾನ್ಯವಾಗಿ 150ರಿಂದ 180 ಡಿಗ್ರಿ ಸೆಲ್ಸಿಯಸ್ಸಿಗೆ ಕಾಯಿಸಿ, ತಯಾರಕರು ಹೇಳಿದಷ್ಟು ಹೊತ್ತು ಇಟ್ಟು, ಒಳಗೇ ತಣಿಯಲು ಬಿಡಬೇಕು. ಹೀಗೆ ಗಟ್ಟಿಯಾದ ಪೇಂಟ್ ತೊಳೆಯುವುದನ್ನು ಸಾಕಷ್ಟು ಮಟ್ಟಿಗೆ ತಾಳುತ್ತದೆ. ಗೊಂದಲ ಹುಟ್ಟುವುದು ಇಲ್ಲಿಯೇ. ಒಂದು ಸಲ ಓವನ್ನಿನಲ್ಲಿ ಗಟ್ಟಿಯಾದದ್ದು ಮುಂದೆ ಎಷ್ಟು ಸಲ ಬೇಕಾದರೂ ಓವನ್ನಿನಲ್ಲಿ ಬೇಯಬಲ್ಲದು ಎಂದು ಜನ ಸಹಜವಾಗಿಯೇ ತಿಳಿಯುತ್ತಾರೆ. ಅದರಲ್ಲಿ ಬಣ್ಣವನ್ನು ಹಿಡಿದಿರುವುದು ಪ್ಲಾಸ್ಟಿಕ್ ಜಾತಿಯ ಅಂಟು. 200 ಡಿಗ್ರಿಯ ಆಚೆ ಮತ್ತೆ ಮತ್ತೆ ಕಾದರೆ ಅದು ಕಂದುತ್ತದೆ, ಬಿರಿಯುತ್ತದೆ, ಕೊನೆಗೆ ಹೊಪ್ಪಳಿಕೆಯಾಗಿ ಏಳುತ್ತದೆ. ಆಹಾರ ತಾಗುವ ಜಾಗಕ್ಕೆ ಹಚ್ಚಬಾರದೆಂಬ ಸೂಚನೆಯೂ ಇಂಥ ಬಣ್ಣಗಳ ಸೀಸೆಯ ಮೇಲೆ ಸಾಮಾನ್ಯವಾಗಿ ಇರುತ್ತದೆ, ಬಹಳ ಸಣ್ಣ ಅಕ್ಷರಗಳಲ್ಲಿ.

ಹಾಗಾದರೆ ನಿಜವಾಗಿ ಉಳಿಯುವ ಬಣ್ಣ ಇಲ್ಲವೇ? ಇದೆ. ನುಣ್ಣಗೆ ಅರೆದ ಗಾಜಿನ ಪುಡಿಗೆ ಲೋಹದ ಆಕ್ಸೈಡ್‌ಗಳ ಬಣ್ಣ ಬೆರೆಸಿದ ಎನಾಮೆಲನ್ನು ಹಚ್ಚಿ, ಕುಲುಮೆಯಲ್ಲಿ ಸುಮಾರು 550ರಿಂದ 620 ಡಿಗ್ರಿಗೆ ಸುಟ್ಟರೆ ಅದು ಕರಗಿ ಪಾತ್ರೆಯ ಗಾಜಿಗೇ ಬೆಸೆಯುತ್ತದೆ. ಯುರೋಪಿನ ಇಗರ್ಜಿಗಳ ಬಣ್ಣದ ಕಿಟಕಿಗಳಲ್ಲಿ ಹದಿನಾಲ್ಕನೆಯ ಶತಮಾನದ ಆರಂಭದಿಂದ ಕಾಣುವ ಹೊಂಬಣ್ಣ ಇನ್ನೂ ಒಂದು ಹೆಜ್ಜೆ ಮುಂದಿನದು: ಅಲ್ಲಿ ಬೆಳ್ಳಿಯ ಲವಣವನ್ನು ಹಚ್ಚಿ ಸುಟ್ಟಾಗ ಬೆಳ್ಳಿಯ ಅಯಾನುಗಳು ಗಾಜಿನೊಳಕ್ಕೇ ಹೊಕ್ಕು ಅದನ್ನು ಹಳದಿಯಾಗಿಸುತ್ತವೆ, ಆರು ನೂರು ವರ್ಷಗಳ ಬಿಸಿಲು ಮಳೆಗಳನ್ನು ಕಂಡೂ ಆ ಹಳದಿ ಉಳಿದ ಕಿಟಕಿಗಳಿವೆ. ಆದರೆ ಈ ವಿದ್ಯೆಯನ್ನು ಸಿದ್ಧ ಬೇಕಿಂಗ್ ಪಾತ್ರೆಗೆ ತರುವಾಗ ಎರಡು ಅಡ್ಡಿಗಳು ಎದುರಾಗುತ್ತವೆ. ಪಾತ್ರೆ ಟೆಂಪರ್ ಮಾಡಿದ ಸೋಡಾ-ಲೈಮ್ ಗಾಜಿನದಾಗಿದ್ದರೆ 500 ಡಿಗ್ರಿ ದಾಟಿದ ಕುಲುಮೆಯಲ್ಲಿ ಅದರ ಟೆಂಪರ್ ಇಳಿದುಹೋಗುತ್ತದೆ. ಚಂದದ ಬಣ್ಣದೊಂದಿಗೆ ಹೊರಬರುವುದು ಬಿಸಿ-ತಣ್ಣಗಿನ ಹೊಡೆತ ತಾಳಲಾರದ ಸಾಮಾನ್ಯ ಗಾಜು. ಬೊರೊಸಿಲಿಕೇಟ್ ಆಗಿದ್ದರೆ, ಸಾಮಾನ್ಯ ಗಾಜಿಗೆಂದು ಮಾಡಿದ ಎನಾಮೆಲ್ ತಣಿಯುವಾಗ ಅದಕ್ಕಿಂತ ಹೆಚ್ಚು ಕುಗ್ಗುವುದರಿಂದ ಜಾಲಜಾಲವಾಗಿ ಬಿರುಕು ಬಿಟ್ಟು ಉದುರುತ್ತದೆ. ಕಾರ್ಖಾನೆಯವರು ಗಾಜಿಗೆ ಹೊಂದುವ ಎನಾಮೆಲನ್ನು ಆಯ್ದು, ಸುಡುವ ಮತ್ತು ತಣಿಸುವ ಕ್ರಮವನ್ನು ಅದಕ್ಕೆ ತಕ್ಕಂತೆ ಹೊಂದಿಸಿಕೊಂಡಿರುತ್ತಾರೆ. ಹವ್ಯಾಸದ ಕುಲುಮೆಯಲ್ಲಿ ಅದನ್ನು ಸಾಧಿಸುವುದು ಕಷ್ಟ.

ಎನಾಮೆಲ್ಲಿನಲ್ಲಿ ಸೀಸ ಮತ್ತು ಕ್ಯಾಡ್ಮಿಯಂಗಳ ಪ್ರಶ್ನೆಯೂ ಇದೆ. ಕಡಿಮೆ ಶಾಖಕ್ಕೆ ಕರಗಲೆಂದು ಸೀಸವನ್ನೂ, ಉಜ್ವಲ ಕೆಂಪು-ಹಳದಿಗಳಿಗಾಗಿ ಕ್ಯಾಡ್ಮಿಯಂ ಅನ್ನೂ ಬಹುಕಾಲ ಬಳಸಿದ್ದಾರೆ. ಆಹಾರ ತಾಗುವ ಗಾಜಿನ ಪಾತ್ರೆಗಳಿಂದ ಇವು ಎಷ್ಟು ಬಿಡುಗಡೆಯಾಗುತ್ತವೆಂದು ಅಳೆಯಲು ಐಎಸ್‌ಒ 7086 ಎಂಬ ಅಂತರರಾಷ್ಟ್ರೀಯ ಮಾನದಂಡವಿದ್ದು, ಅದರಂತೆ ಪಾತ್ರೆಯಲ್ಲಿ ಶೇ 4ರ ಅಸಿಟಿಕ್ ಆಮ್ಲವನ್ನು 24 ಗಂಟೆ ಇಟ್ಟು ಪರೀಕ್ಷಿಸುತ್ತಾರೆ. ಮನೆಯಲ್ಲಿ ಬಣ್ಣ ಹಚ್ಚಿದ ಪಾತ್ರೆಯನ್ನು ಹೀಗೆ ಪರೀಕ್ಷೆಗೆ ಕಳುಹಿಸುವವರು ಯಾರು? ಒಳಮೈಗೆ ಬಣ್ಣ ಬೇಡ, ತುಟಿ ತಾಗಬಹುದಾದ ಅಂಚಿನ ಪಟ್ಟಿಗೂ ಬೇಡ ಎಂಬ ಸರಳ ನಿಯಮ ಪಾಲಿಸಿದರೆ ಈ ಚಿಂತೆ ಬಹುಮಟ್ಟಿಗೆ ದೂರವಾಗುತ್ತದೆ.

ಬೇಕಿಂಗ್ ಪಾತ್ರೆಗೆ ಬಣ್ಣವಿಲ್ಲದ ಕೆತ್ತನೆಯೇ ಸಾಕು ಎನ್ನುವುದು ನನ್ನ ನಿಲುವು. ಬಣ್ಣ ಬೇಕೇ ಬೇಕೆನ್ನುವವರು ಓವನ್ನಿಗೆ ಹೋಗದ ಮುಚ್ಚಳದ ಮೇಲೋ, ಬಡಿಸುವುದಕ್ಕಷ್ಟೇ ಬಳಸುವ ತಟ್ಟೆಯ ಹೊರಮೈ ಮೇಲೋ ತಮ್ಮ ಆಸೆ ತೀರಿಸಿಕೊಳ್ಳಬಹುದು. ಅಲ್ಲಿ ಓವನ್ನಿನಲ್ಲಿ ಗಟ್ಟಿಗೊಳಿಸಿದ ಪೇಂಟ್ ವರ್ಷಗಟ್ಟಲೆ ಚೆನ್ನಾಗಿರುತ್ತದೆ. ಉಡುಗೊರೆ ಪಡೆಯುವವರಿಗೆ ಆ ಪಾತ್ರೆಗೆ ಏನೇನು ಮಾಡಲಾಗಿದೆ ಎಂಬುದು ತಿಳಿದಿರುವುದಿಲ್ಲವಾದ್ದರಿಂದ, ಬಣ್ಣ ಹಾಕಿ ಕೊಡುವವರು ಇದನ್ನು ಓವನ್ನಿನಲ್ಲಿ ಇಡಬಾರದೆಂದು ಬರೆದ ಚೀಟಿಯನ್ನೂ ಜತೆಗಿಡಬೇಕು. ಇಂಥ ಲೇಖನಗಳನ್ನು ಪ್ರಕಟಿಸುವಾಗ ಪಾತ್ರೆ ಯಾವ ಗಾಜಿನದು, ಬಣ್ಣ ಯಾವ ಬಗೆಯದು, ಅದು ಎಷ್ಟು ಶಾಖ ತಾಳುತ್ತದೆ, ಕ್ರೀಮ್ ಮೈಗೆ ತಾಗಿದರೆ ಏನು ಮಾಡಬೇಕು ಎಂಬ ವಿವರಗಳನ್ನು, ಚಿತ್ರಗಳ ಸಂಖ್ಯೆ ಒಂದೆರಡು ಕಡಿಮೆಯಾದರೂ ಸರಿ, ಲೇಖನದ ಜತೆಗೇ ಒಂದು ಚೌಕಟ್ಟಿನಲ್ಲಿ ಅಚ್ಚು ಮಾಡಬೇಕೆಂದು ತಮ್ಮಲ್ಲಿ ಕೋರುತ್ತೇನೆ.

ಇಂತಿ,
ಪತ್ರಿಕೆಯ ಓದುಗರೊಬ್ಬರು