ಬಾಕಿ ತೀರಿಸಿದ ಕೈಗಳಿಗೆ ಥ್ಯಾಂಕ್ಸ್

ಅಮೆರಿಕದ ಇಲಿನಾಯ್ ರಾಜ್ಯದ ಕಂಪ್ಟ್ರೋಲರ್ ಸುಸಾನಾ ಮೆಂಡೋಸಾ ಅವರು 2026ರಲ್ಲಿ ಮತ್ತೆ ಆ ಹುದ್ದೆಗೆ ನಿಲ್ಲುವುದಿಲ್ಲ ಎಂದು 2025ರ ಜುಲೈನಲ್ಲಿ ಹೇಳಿದರು. ಅವರು ಹೊರಡುವ ಮುಂಚೆ ಬಾಯ್ತುಂಬ ಥ್ಯಾಂಕ್ಸ್ ಹೇಳಬೇಕು ಅನ್ನಿಸಿತು. ನಾನು ಇಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಸಣ್ಣ ಸಂಸ್ಥೆಯೊಂದರಲ್ಲಿ ಲೆಕ್ಕ ಬರೆಯುವವಳು. ಅವರ ಕೆಲಸದ ಬೆಲೆ ನನ್ನಂಥವರಿಗೆ ಚೆನ್ನಾಗಿ ಗೊತ್ತು.

ಊರಿನಲ್ಲಿರುವವರಿಗೆ ಈ ಹುದ್ದೆ ಹೊಸದು ಅನ್ನಿಸಬಹುದು. ನಮ್ಮ ಕಡೆ ಹಣಕಾಸು ಮಂತ್ರಿಯನ್ನು ಮುಖ್ಯಮಂತ್ರಿ ಆರಿಸಿಕೊಳ್ಳುತ್ತಾರೆ. ಇಲ್ಲಿ ರಾಜ್ಯದ ಬಿಲ್ಲುಗಳಿಗೆ ಹಣ ಬಿಡುಗಡೆ ಮಾಡುವ ಕಂಪ್ಟ್ರೋಲರ್ ಅವರನ್ನು ಜನರೇ ಮತ ಹಾಕಿ ಆರಿಸುತ್ತಾರೆ. ಖಜಾನೆ ಕಾಯುವ ಟ್ರೆಷರರ್ ಬೇರೆ, ಅವರಿಗೂ ಬೇರೆ ಮತ. ಕಂಪ್ಟ್ರೋಲರ್ ಹುದ್ದೆ ಹುಟ್ಟಿದ್ದಕ್ಕೂ ಒಂದು ಕಾರಣವಿದೆ. 1956ರಲ್ಲಿ ಆರ್ವಿಲ್ ಹಾಜ್ ಎಂಬ ಚುನಾಯಿತ ಆಡಿಟರ್ ರಾಜ್ಯದ ಹಣದಲ್ಲಿ 15 ಲಕ್ಷ ಡಾಲರ್‌ಗೂ ಜಾಸ್ತಿ ನುಂಗಿ ಜೈಲಿಗೆ ಹೋದ. ಆಮೇಲೆ ಬಂದ 1970ರ ಸಂವಿಧಾನ ಹಣ ಕೊಡುವವರನ್ನೂ ಲೆಕ್ಕ ತಪಾಸಣೆ ಮಾಡುವವರನ್ನೂ ಬೇರೆ ಬೇರೆ ಮಾಡಿತು.

ಮೆಂಡೋಸಾ ಹುಟ್ಟಿದ್ದು 1972ರಲ್ಲಿ, ಶಿಕಾಗೋದಲ್ಲಿ. ಅಪ್ಪ ಅಮ್ಮ ಮೆಕ್ಸಿಕೋದಿಂದ ಬಂದವರು. 2001ರಿಂದ ಹತ್ತು ವರ್ಷ ಶಾಸಕಿ. 2011ರಲ್ಲಿ ಶಿಕಾಗೋ ನಗರದ ಕ್ಲರ್ಕ್ ಆದರು, ಇದು ನಗರದ ದಾಖಲೆಗಳನ್ನು ನೋಡಿಕೊಳ್ಳುವ ಚುನಾಯಿತ ಹುದ್ದೆ. ಆ ಹುದ್ದೆಗೆ ಗೆದ್ದ ಮೊದಲ ಮಹಿಳೆ ಅವರೇ. ಕಂಪ್ಟ್ರೋಲರ್ ಆಗಿದ್ದ ಜೂಡಿ ಬಾರ್ ಟೊಪಿಂಕಾ 2014ರ ಡಿಸೆಂಬರ್‌ನಲ್ಲಿ ತೀರಿಕೊಂಡರು. ಆ ಜಾಗಕ್ಕೆ 2016ರಲ್ಲಿ ಚುನಾವಣೆ ನಡೆದಾಗ ಮೆಂಡೋಸಾ ಗೆದ್ದರು.

ಅವರು ಕುರ್ಚಿ ಮೇಲೆ ಕೂತ ಹೊತ್ತು ಎಂಥದ್ದು ಗೊತ್ತಾ? 2015ರ ಜುಲೈಯಿಂದ ರಾಜ್ಯಕ್ಕೆ ಪೂರ್ತಿ ಬಜೆಟ್ಟೇ ಇರಲಿಲ್ಲ. ನಮ್ಮ ಮುಖ್ಯಮಂತ್ರಿಯ ಹಾಗೆ ರಾಜ್ಯ ನಡೆಸುವ ಗವರ್ನರ್‌ಗೂ ಶಾಸನಸಭೆಗೂ ಹೊಂದಾಣಿಕೆ ಆಗದೆ ಎರಡು ವರ್ಷ ಹಾಗೇ ಕಳೆಯಿತು. ಲಾಟರಿಯಲ್ಲಿ ದೊಡ್ಡ ಬಹುಮಾನ ಹೊಡೆದವರಿಗೂ ಹಣ ಸಿಗದ ಕಾಲ ಅದು. 2016ರ ಜನವರಿಯಲ್ಲಿ ರಾಜ್ಯದ ದೊಡ್ಡ ಸೇವಾ ಸಂಸ್ಥೆಯೊಂದು 30 ಯೋಜನೆಗಳನ್ನು ಮುಚ್ಚಿ 750ಕ್ಕೂ ಹೆಚ್ಚು ಕೆಲಸಗಳನ್ನು ತೆಗೆಯಬೇಕಾಯಿತು. ತಡವಾದ ಅನೇಕ ಬಿಲ್ಲುಗಳ ಮೇಲೆ ತಿಂಗಳಿಗೆ 1 ಪರ್ಸೆಂಟ್ ಬಡ್ಡಿ, ಅಂದರೆ ವರ್ಷಕ್ಕೆ 12. 2017ರ ನವೆಂಬರ್ ಹೊತ್ತಿಗೆ ಬಾಕಿ 1,670 ಕೋಟಿ ಡಾಲರ್‌ಗೆ ಏರಿತ್ತು.

ಇದ್ದ ಹಣದಲ್ಲಿ ಮೊದಲು ಯಾರಿಗೆ ಕೊಡಬೇಕು? ಈ ಪ್ರಶ್ನೆ ಅವರ ಮೇಜಿಗೆ ದಿನಾ ಬರುತ್ತಿತ್ತು. ನರ್ಸಿಂಗ್ ಹೋಮ್, ಸಾಯುವ ಹಂತದಲ್ಲಿರುವವರ ಆರೈಕೆ, ಶಾಲೆಗಳು, ದುರ್ಬಲರ ಸೇವೆ: ಇವಕ್ಕೆ ಆದ್ಯತೆ ಎಂದು ಅವರು ಖಡಾಖಂಡಿತವಾಗಿ ಹೇಳಿದರು. ನಮ್ಮ ಆಫೀಸಿನಲ್ಲಿ ನಾನು ಬೆಳಗ್ಗೆ ಕಂಪ್ಯೂಟರ್ ತೆರೆದ ಕೂಡಲೇ ಅವರ ಕಚೇರಿಯ ವೆಬ್‌ಸೈಟಿನಲ್ಲಿ ಪಾವತಿ ಪುಟ ನೋಡುತ್ತಿದ್ದೆ. ವೋಚರ್ ಎಲ್ಲಿದೆ, ಹಣ ಯಾವತ್ತು ಹೊರಟಿತು, ಎಲ್ಲ ಅಲ್ಲಿ ಕಾಣುತ್ತಿತ್ತು. ಹಣ ಹೊರಟ ತಾರೀಕು ಕಂಡ ದಿನ ಪಕ್ಕದ ಟೇಬಲಿನವರಿಗೂ ತೋರಿಸುತ್ತಿದ್ದೆ.

ನನಗೆ ಅತಿ ಮುಖ್ಯ ಅನ್ನಿಸುವುದು ಬಾಕಿ ತೀರಿಸಿದ್ದಕ್ಕಿಂತ ಅದನ್ನು ಬಚ್ಚಿಡದೆ ಎಣಿಸಿದ್ದು. ಮೊದಲೆಲ್ಲ ಇಲಾಖೆಗಳು ತಾವು ಇನ್ನೂ ಕಳಿಸದೆ ಇಟ್ಟುಕೊಂಡ ಬಿಲ್ಲುಗಳ ಲೆಕ್ಕವನ್ನು ಕಂಪ್ಟ್ರೋಲರ್‌ಗೆ ವರ್ಷಕ್ಕೊಮ್ಮೆ ಕೊಟ್ಟರೆ ಸಾಕಿತ್ತು. ಕೈಗೆ ಲೆಕ್ಕವೇ ಸಿಗದೆ ಯಾರು ತಾನೇ ಮುಂದಿನ ತಿಂಗಳ ಖರ್ಚು ತೂಗಿಸಲು ಸಾಧ್ಯ? ಪ್ರತಿ ತಿಂಗಳೂ ಲೆಕ್ಕ ಒಪ್ಪಿಸಲೇಬೇಕು ಎಂಬ ಕಾನೂನಿಗೆ ಅವರು ಪಟ್ಟು ಹಿಡಿದರು. ಗವರ್ನರ್ ವೀಟೋ ಮಾಡಿದರು, ಶಾಸನಸಭೆ ಅದನ್ನು ಮೀರಿ 2017ರಲ್ಲೇ ಕಾನೂನು ಮಾಡಿತು. ಅದೇ ವರ್ಷ ರಾಜ್ಯ 600 ಕೋಟಿ ಡಾಲರ್ ಬಾಂಡ್ ಮಾರಿ, ದುಬಾರಿ ಬಡ್ಡಿಯ ಬಾಕಿಯನ್ನು ಕಡಿಮೆ ಬಡ್ಡಿಯ ಸಾಲದಿಂದ ತೀರಿಸತೊಡಗಿತು.

ಇದೆಲ್ಲ ಒಬ್ಬರೇ ಮಾಡಿದ್ದಲ್ಲ. ಬಜೆಟ್ ಮಾಡುವ ಅಧಿಕಾರ ಕಂಪ್ಟ್ರೋಲರ್‌ಗೆ ಇಲ್ಲ. ಶಾಸಕರು 2017ರ ಜುಲೈನಲ್ಲಿ ಆದಾಯ ತೆರಿಗೆಯನ್ನು 3.75ರಿಂದ 4.95 ಪರ್ಸೆಂಟ್‌ಗೆ ಏರಿಸಿದರು, ಅದನ್ನು ಕಟ್ಟಿದವರು ಜನ. ಕೋವಿಡ್ ಕಾಲದಲ್ಲಿ ಕೇಂದ್ರದ ಹಣವೂ ಬಂತು. ಮೆಂಡೋಸಾಗಿಂತ ಮೊದಲು ಆ ಕುರ್ಚಿಯಲ್ಲಿದ್ದ, ಬೇರೆ ಪಕ್ಷದ ಲೆಸ್ಲೀ ಮಂಗರ್ ಅವರಿಗೂ ನನ್ನ ಥ್ಯಾಂಕ್ಸ್ ಸಲ್ಲಬೇಕು. ಉಳಿದವರು ಕಾಯುವಾಗ ಶಾಸಕರ ಸಂಬಳವೂ ಅದೇ ಸಾಲಿನಲ್ಲಿ ಕಾಯಲಿ ಎಂದು 2016ರಲ್ಲಿ ಹೇಳಿದವರು ಅವರು. ರಾಜ್ಯದ ಮೇಲಿನ ಪಿಂಚಣಿಯ ಭಾರ ಈಗಲೂ ಹಾಗೇ ಇದೆ, ಅದನ್ನು ಮರೆತು ಹೊಗಳುವುದು ಸರಿಯಲ್ಲ.

ಆದರೂ ನೋಡಿ. 60 ಸಾವಿರ ಡಾಲರ್ ಆಸುಪಾಸಿಗೆ ಇಳಿದಿದ್ದ ಆಪತ್ಕಾಲದ ನಿಧಿ ಈಗ 200 ಕೋಟಿ ಡಾಲರ್ ದಾಟಿದೆ. 2021ರಲ್ಲಿ, ಎರಡು ದಶಕಗಳಿಗೂ ಹೆಚ್ಚು ಕಾಲದ ನಂತರ, ರಾಜ್ಯದ ಸಾಲದ ರೇಟಿಂಗ್ ಮೇಲೇರಿತು. ಬಿಲ್ಲುಗಳು ಈಗ ಹೊತ್ತಿಗೆ ಸರಿಯಾಗಿ ಪಾಸಾಗುತ್ತವೆ.

ಮೆಂಡೋಸಾ ಅವರೇ, ನಿಮಗೆ ತುಂಬು ಹೃದಯದ ಧನ್ಯವಾದ. ರಾಜಧಾನಿ ಸ್ಪ್ರಿಂಗ್‌ಫೀಲ್ಡ್‌ನ ಕಚೇರಿಯಲ್ಲಿ ವೋಚರ್ ಒಂದೊಂದನ್ನೂ ನೋಡಿ ಮುಂದೆ ಕಳಿಸಿದ ಸಿಬ್ಬಂದಿಗೂ ಅಷ್ಟೇ ದೊಡ್ಡ ನಮಸ್ಕಾರ. ಆ ಎರಡು ವರ್ಷ ಒಂದು ದಿನವೂ ತಪ್ಪಿಸದೆ ಅಜ್ಜ ಅಜ್ಜಿಯರ ಮನೆಗೆ ಹೋಗಿ ಸ್ನಾನ ಮಾಡಿಸಿ, ಊಟ ಕೊಟ್ಟು, ಮಾತ್ರೆ ನೆನಪಿಸಿ ಬಂದ ನಮ್ಮ ಹುಡುಗಿಯರಿಗೆ ಎಷ್ಟು ಹೇಳಿದರೂ ಸಾಲದು. ನಿಮ್ಮೆಲ್ಲರ ಋಣ ನಮ್ಮ ಮೇಲಿದೆ.