ತಿಜೋರಿಯಲ್ಲೇ ಸಾಯುವ ಲ್ಯಾಪ್‌ಟಾಪ್‌ಗಳು

ಮಾನ್ಯ ಸಂಪಾದಕರೇ,

ಹೈಸ್ಕೂಲ್ ಮಕ್ಕಳಿಗೆ ಲ್ಯಾಪ್‌ಟಾಪ್ ಬೇಕೇ ಬೇಡವೇ ಎಂಬ ಚರ್ಚೆ ಓದಿದಾಗಲೆಲ್ಲ ನನಗೆ ನಾನು ಪಾಠ ಮಾಡಿದ ಶಾಲೆಯ ತಿಜೋರಿ ನೆನಪಾಗುತ್ತದೆ. ದಾನಿಗಳು ಕೊಟ್ಟ ಹತ್ತು ಲ್ಯಾಪ್‌ಟಾಪ್ ಅದರೊಳಗಿದ್ದವು. ಸಮಾರಂಭ ಮುಗಿದು, ದಾಸ್ತಾನು ವಹಿಯಲ್ಲಿ ಬರೆದ ಮೇಲೆ ಕೀಲಿ ಬಿತ್ತು. ಒಂದೂವರೆ ವರ್ಷ ಯಾರೂ ತೆಗೆಯಲಿಲ್ಲ. ಒಡೆದರೆ, ಕಳೆದರೆ ಸಹಿ ಮಾಡಿದವರ ಪಗಾರದಲ್ಲಿ ಹಿಡಿಯುತ್ತಾರೆಂಬ ಹೆದರಿಕೆ. ಅದನ್ನು ನಾನು ಹಗುರವಾಗಿ ಕಾಣಲಾರೆ. ಮಗಳ ಮದುವೆ ಸಾಲ ಹೊತ್ತ ಹೆಡ್‌ಮಾಸ್ತರಿಗೆ ಆ ಹೆದರಿಕೆ ನಿಜವಾದದ್ದೇ.

ಕೊನೆಗೆ ನಾನೇ ಸಹಿ ಹಾಕಿ ತೆಗೆಸಿದೆ. ಮೂರು ಚಾಲೂ ಆಗಲೇ ಇಲ್ಲ. ಚಾರ್ಜ್ ಇಳಿದ ಬ್ಯಾಟರಿಯನ್ನು ತಿಂಗಳುಗಟ್ಟಲೆ ಹಾಗೇ ಬಿಟ್ಟರೆ ಅದು ಕೆಡುತ್ತದೆ. ಮಕ್ಕಳು ಹಾಳು ಮಾಡುತ್ತಾರೆಂದು ಬಚ್ಚಿಟ್ಟವು ಮಕ್ಕಳ ಕೈ ಸೋಕುವ ಮೊದಲೇ ಹಾಳಾಗಿದ್ದವು.

ಒಂಬತ್ತನೇ ತರಗತಿಯ ಶಬ್ದದ ಪಾಠಕ್ಕೆ ಚಾಲೂ ಆದವುಗಳಲ್ಲಿ ಎರಡನ್ನು ಗೋಳಗುಮ್ಮಟಕ್ಕೆ ಒಯ್ದೆವು. ದನಿಯನ್ನು ಮುದ್ರಿಸಿ ಪರದೆಯ ಮೇಲೆ ಅಲೆಯಾಗಿ ತೋರಿಸುವ, ಉಚಿತವಾಗಿ ಸಿಗುವ ಆಡಾಸಿಟಿ ತಂತ್ರಾಂಶ ಹಾಕಿಕೊಂಡಿದ್ದೆವು. ಅದಕ್ಕೆ ಇಂಟರ್‌ನೆಟ್ ಬೇಕಿಲ್ಲ. ಅನುಮತಿ ಪಡೆದು, ಜನ ಸೇರುವ ಮೊದಲೇ ಮಿನಾರಿನ ಮೆಟ್ಟಿಲು ಹತ್ತಿ ಗುಮ್ಮಟದ ಒಳಸುತ್ತಿಗೆ ಹೋದೆವು. ಗೋಡೆಗೆ ಅಂಟಿ ನಿಂತು ಒಬ್ಬ ಹುಡುಗ ಒಂದೇ ಚಪ್ಪಾಳೆ ತಟ್ಟಿದ. ಪರದೆಯ ಮೇಲೆ ಒಂದರ ಹಿಂದೊಂದು ಅಲೆಗಳು ಎದ್ದವು. 'ಅಕ್ಕೋರ, ದನಿ ಕಣ್ಣಿಗೆ ಕಾಣಾಕತ್ತೈತ್ರಿ!' ಎಂದು ಒಬ್ಬಳು ಕೂಗಿದಳು. ಆ ಕೂಗೂ ಪರದೆಯ ಮೇಲೆ ಬಿತ್ತು.

ಗುಮ್ಮಟದ ಒಳ ಅಡ್ಡಳತೆ ಸುಮಾರು 38 ಮೀಟರ್. ದನಿ ಎದುರಿನ ಗೋಡೆಗೆ ಹೋಗಿ ಬರಲು 76 ಮೀಟರ್. ಪಠ್ಯದಲ್ಲಿರುವ ಸೆಕೆಂಡಿಗೆ 344 ಮೀಟರ್ ವೇಗದಿಂದ ಭಾಗಿಸಿದರೆ 0.22 ಸೆಕೆಂಡ್. ಪರದೆಯ ಮೇಲೆ ಅಲೆಗಳ ನಡುವಿನ ಅಂತರ ಅಳೆದಾಗ ಮಕ್ಕಳಿಗೆ ಒಮ್ಮೆ 0.21 ಬಂತು, ಒಮ್ಮೆ 0.24. ಯಾಕೆ ಹೀಗೆ ಎಂದು ಊರಿಗೆ ಮರಳುವ ಬಸ್ಸಿನ ತುಂಬ ವಾದ. ಕರ್ಸರ್ ಸರಿಯಾಗಿ ಇಟ್ಟಿಲ್ಲ ಎಂದರು ಕೆಲವರು. ಚಪ್ಪಾಳೆ ತಟ್ಟಿದವನು ಗೋಡೆಯಿಂದ ಮುಂದೆ ಬಂದಿದ್ದ ಎಂದರು ಕೆಲವರು. ಪ್ರತಿಧ್ವನಿ ಬೇರೆಯಾಗಿ ಕೇಳಲು 17 ಮೀಟರಾದರೂ ದೂರ ಬೇಕು ಎಂಬ ಸಾಲನ್ನು ಅಲ್ಲಿಯವರೆಗೆ ಅವರು ಬಾಯಿಪಾಠ ಮಾಡುತ್ತಿದ್ದರು. ಮರುದಿನ ಶಾಲೆಯ ಗೋಡೆಯಿಂದ ಹಗ್ಗ ಹಿಡಿದು ಆ ದೂರವನ್ನು ತಾವೇ ಅಳೆದರು.

ಪುಸ್ತಕದ ಕ್ಯೂಆರ್ ಕೋಡನ್ನು ಮೊಬೈಲಿನಲ್ಲಿ ಸ್ಕ್ಯಾನ್ ಮಾಡಿ ಸರ್ಕಾರದ ಕಲಿಕಾ ಜಾಲತಾಣ ದೀಕ್ಷಾದಲ್ಲಿ ವಿಡಿಯೊ ನೋಡುವುದೂ ಒಳ್ಳೆಯದೇ. ಆದರೆ ಹಳ್ಳಿಯಲ್ಲಿ ಮೊಬೈಲ್ ಇರುವುದು ಅಪ್ಪನ ಕಿಸೆಯಲ್ಲಿ, ಇಲ್ಲವೇ ಅಣ್ಣನ ಕೈಯಲ್ಲಿ. ನನ್ನ ತರಗತಿಯ ಹಲವು ಹುಡುಗಿಯರು ಕೀಲಿಮಣೆ ಮುಟ್ಟಿದ್ದು ಶಾಲೆಯಲ್ಲಿ ಮಾತ್ರ.

ಜಿಲ್ಲೆಯ ಶಿಕ್ಷಣ ಇಲಾಖೆಗೆ ನನ್ನ ವಿನಂತಿ ಇಷ್ಟೇ. ಪಾಠಕ್ಕೆ ಬಳಸುವಾಗ ಲ್ಯಾಪ್‌ಟಾಪ್ ಕೆಟ್ಟರೆ ಅದರ ಹೊಣೆ ಶಿಕ್ಷಕರ ಪಗಾರದ ಮೇಲೆ ಬೀಳದು ಎಂದು ಬರಹದಲ್ಲಿ ತಿಳಿಸಿ. ಬಾಯಿಮಾತಿನ ಭರವಸೆಗೆ ಯಾರೂ ಕೀಲಿ ತೆಗೆಯುವುದಿಲ್ಲ. ದುರಸ್ತಿಗೆಂದು ಪ್ರತಿ ಶಾಲೆಗೆ ವರ್ಷಕ್ಕಿಷ್ಟು ಎಂದು ಹಣ ಇಡಿ. ತಪಾಸಣೆಗೆ ಬರುವವರು ಹತ್ತು ಇವೆಯೇ ಎಂದು ಎಣಿಸುವುದರ ಜೊತೆಗೆ, ಈ ತಿಂಗಳು ಯಾವ ಪಾಠಕ್ಕೆ ತೆಗೆದಿರಿ ಎಂದೂ ಕೇಳಲಿ. ಬೇಸಿಗೆ ರಜೆಗೆ ಮೊದಲೇ ಈ ಆದೇಶ ಬರಲಿ. ರಜೆಯಲ್ಲಿ ಕೀಲಿ ಹಾಕಿಟ್ಟರೆ ಇನ್ನಷ್ಟು ಬ್ಯಾಟರಿ ಕೆಡುತ್ತವೆ.

— ನಿವೃತ್ತ ವಿಜ್ಞಾನ ಶಿಕ್ಷಕಿ, ಸಿಂದಗಿ ತಾಲ್ಲೂಕು, ವಿಜಯಪುರ ಜಿಲ್ಲೆ